ಎದೆ, ಎರಡು ಫಿಲ್ಮು

ಹನ್ನೆರಡು ವರ್ಷದಿಂದ ಇದೇ ಮಾತು ನನ್ನದು:
ಗದ್ದ ಮೇಲೆ, ಭುಜ ಮುಂದೆ,
ಉಸಿರೆಳೀರಿ, ಹಿಡ್ಕೊಳ್ಳಿ, ಅಲ್ಲಾಡಬೇಡಿ.
ಬೀಡಿ ಸೇದಿದ ಎದೆ, ಆಲೆಮನೆಯ ಹೊಗೆ ಕುಡಿದ ಎದೆ,
ಮಳವಳ್ಳಿ ತಾಲ್ಲೂಕಿನ ಅರ್ಧ ಎದೆಗಳು
ನನ್ನೆದುರು ಅಂಗಿ ಬಿಚ್ಚಿ ನಿಂತಿವೆ.
ಬಿಡಿ ಅನ್ನುವುದನ್ನು ಮಾತ್ರ ಎಷ್ಟೋ ಸಲ ಮರೆತಿದ್ದೇನೆ;
ಅವರೇ ಬಿಟ್ಟುಕೊಳ್ಳುತ್ತಾರೆ.

ಆ ಸಂಜೆ ಬಂದದ್ದು ಇಪ್ಪತ್ತೆರಡು ತಿಂಗಳ ಎದೆ.
ಹೆಸರು ಚರಿತ್, ಊರು ಕಿರುಗಾವಲು ಕಡೆ.
ಸಂಕ್ರಾಂತಿಯ ಮಾರನೆ ದಿನದಿಂದ ಕೆಮ್ಮು,
ಮೂರು ಬಾಟಲಿ ಸಿರಪ್ಪು, ಒಂದು ತಾಯಿತ,
ಮಣಿಕಟ್ಟಿಗೆ ಬಜೆ ಬೇರಿನ ಮಣಿ.
ಮಲಗಿದ್ರೆ ಎದೆ ಸಿಳ್ಳೆ ಹಾಕ್ತದೆ, ಅಂದಳು ಅಜ್ಜಿ ಚಿಕ್ಕತಾಯಮ್ಮ,
ಒಂದು ಕಡೆ ಮಾತ್ರ, ಬಲಗಡೆ.
ಏನಾದರೂ ನುಂಗಿತ್ತಾ?
ಏನೂ ಇಲ್ಲ ಕಣವ್ವ, ಕಣ್ಣಲ್ಲಿ ಕಣ್ಣಿಟ್ಟು ಸಾಕಿದ್ದೀವಿ.
ತಾಯಿ ನೆಲ ನೋಡುತ್ತಿದ್ದಳು.
ಆರು ವರ್ಷದ ಅಕ್ಕ ಬಾಗಿಲ ಚಿಲಕ ನೋಡುತ್ತಿದ್ದಳು.

ಮೊದಲ ಫಿಲ್ಮು ತಿಳಿಯಾಗಿತ್ತು.
ಗುಂಡುಸೂಜಿಯಾದರೆ ಗೀರಿನ ಹಾಗೆ ಕಾಣುತ್ತದೆ;
ಒಮ್ಮೆ ಓಲೆಯ ತಿರುಪು ಕಂಡಿತ್ತು, ಸುತ್ತು ಎಣಿಸುವಷ್ಟು.
ಕಾಳು, ಕೊಬ್ಬರಿ ಚೂರು, ಇಂಥವಕ್ಕೆ ನೆರಳಿಲ್ಲ.
ಕಿರಣ ಅವುಗಳನ್ನು ದಾಟಿಹೋಗುತ್ತದೆ
ಇಳಿಯುವವರಿಲ್ಲದ ಸ್ಟಾಪನ್ನು ಬಸ್ಸು ದಾಟಿದ ಹಾಗೆ.

ಡಾಕ್ಟರು ಹೇಳಿದರು: ಉಸಿರು ಬಿಟ್ಟಾಗಿನದೊಂದು ತೆಗಿ.
ಇಪ್ಪತ್ತೆರಡು ತಿಂಗಳಿಗೆ ಬಿಡು ಅಂದರೆ ಏನು?
ಚೆಂಡು ಬಿಡುತ್ತದೆ, ಅಮ್ಮನ ಸೆರಗು ಬಿಡುವುದಿಲ್ಲ.
ಹಾಗಾಗಿ ಅಳಿಸಿದೆವು.
ತಣ್ಣನೆ ಹಲಗೆ, ಗುರುತಿಲ್ಲದ ಕೈ, ಅಷ್ಟು ಸಾಕಾಯಿತು.
ಅಳು ಅಂದರೆ ಹೊರಗೆ ಹೋಗುವ ಒಂದು ಉದ್ದನೆಯ ಉಸಿರು.
ಅದು ಸಣ್ಣಗಾಗಿ, ಸೀಳಾಗಿ,
ಇನ್ನು ಬರಲಾರದೆ ಬಾಯಿ ಮಾತ್ರ ತೆರೆದಿರುವ
ಆ ಚೂರು ಸದ್ದಿಲ್ಲದ ಹೊತ್ತಿಗೆ ಕಾದು
ಗುಂಡಿ ಒತ್ತಿದೆ.

ಪರದೆಯಲ್ಲಿ ಗಾಳಿ ಕಪ್ಪು. ನಮ್ಮದು ಉಲ್ಟಾ ಲೆಕ್ಕ.
ಎಡ ಶ್ವಾಸಕೋಶ ಬರಿದಾಗಿ ಬೂದಿಬಣ್ಣಕ್ಕೆ ತಿರುಗಿತ್ತು,
ಅತ್ತು ಮುಗಿಸಿತ್ತು.
ಬಲದ್ದು ಹಾಗೇ ಕಪ್ಪಗೆ, ಉಬ್ಬಿಕೊಂಡು.
ಸೈಕಲ್ ಟ್ಯೂಬಿನ ವಾಲಿನ ಹಾಗೆ ಯಾವುದೋ ಒಂದು
ಒಳಗೆ ಬಿಟ್ಟು ಹೊರಗೆ ಬಿಡದೆ ಕೂತಿತ್ತು.
ಹೃದಯ ಎಡಕ್ಕೆ ಸರಿದಿತ್ತು,
ಕೊಳ್ಳೇಗಾಲದ ಬಸ್ಸಿನಲ್ಲಿ
ಮೂಟೆಯವನಿಗೆ ಜಾಗ ಬಿಟ್ಟ ಮುದುಕಿಯಂತೆ, ಗೊಣಗದೆ.

ಇದ್ರಲ್ಲಿ ಬೀಜ ಎಲ್ಲದೆ?
ನಮ್ಮ ಬೆನ್ನ ಹಿಂದಿನಿಂದ ಒಂದು ಪುಟ್ಟ ದನಿ.

ಆ ಕೋಣೆಯಲ್ಲಿ ಅಲ್ಲಿಯವರೆಗೆ
ಯಾರೂ ಬೀಜ ಅಂದಿರಲಿಲ್ಲ.

ಅಜ್ಜಿಯ ಕೈ ಎದ್ದಿತು.
ಸೀಸದ ಏಪ್ರನ್ ಇನ್ನೂ ಬಿಚ್ಚಿರಲಿಲ್ಲ ನಾನು,
ನಡುವೆ ನಿಂತೆ.
ಕಿರಣ ತಡೆಯಲಿ ಅಂತ ಸರ್ಕಾರ ಕೊಟ್ಟದ್ದು;
ಏಟು ನನ್ನ ಪಕ್ಕೆಗೆ ಬಿದ್ದು ಅಜ್ಜಿಯ ಬೆರಳೇ ನೊಂದಿತು.
ಹುಡುಗಿ ಮತ್ತೆ ಮಾತಾಡಲಿಲ್ಲ.
ಎಳ್ಳು ಬೀರಲು ಹೋದಾಗ ತೊಟ್ಟ ಅದೇ ಲಂಗ, ಅದರ ಅಂಚು
ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಸುತ್ತಿಕೊಂಡು.

ರಾತ್ರಿ ಎಂಟಕ್ಕೆ ಆಂಬುಲೆನ್ಸು ಬನ್ನೂರು ಹಾದಿ ಹಿಡಿದು
ಮೈಸೂರಿಗೆ ಹೊರಟಿತು.
ಅಲ್ಲಿ ಗಂಟಲಿನಿಂದ ಕೊಳವೆ ಇಳಿಸಿ ತೆಗೆದರಂತೆ.
ಮೂರನೆಯ ದಿನ ತಾಯಿ ಫೋನು ಮಾಡಿದಳು.
ಕಡಲೆಬೀಜ, ನೀರು ಕುಡಿದು ಊದಿತ್ತಂತೆ,
ಅರ್ಧವೇ.
ಇನ್ನರ್ಧಕ್ಕೆ ಬಹಳ ಹೊತ್ತು ಹುಡುಕಿದರಂತೆ,
ಬಲದಲ್ಲಿ, ಎಡದಲ್ಲಿ, ಕವಲಿನ ಕವಲಿನಲ್ಲಿ.
ಸಿಗಲಿಲ್ಲ.
ಹೊರಗೆ ಬೆಂಚಿನ ಮೇಲೆ ನಿದ್ದೆ ಹೋಗಿದ್ದವಳನ್ನು
ಎಬ್ಬಿಸಿ ಕೇಳಿದ ಮೇಲೆ ನಿಲ್ಲಿಸಿದರಂತೆ.
ಅದು ಹಬ್ಬದ ದಿನವೇ
ಸಮ ಪಾಲು ಮಾಡಿದವಳ ಹೊಟ್ಟೆಗೆ ಹೋಗಿತ್ತು.

ನನ್ನ ರಿಜಿಸ್ಟರಿನಲ್ಲಿ ಇಷ್ಟೇ ಇದೆ:
ಗಂಡು, ೧ ವರ್ಷ ೧೦ ತಿಂಗಳು, ಎದೆ, ಎರಡು ಫಿಲ್ಮು.
ಷರಾ ಕಾಲಮ್ಮು ಖಾಲಿ.
ಫೋನಿಟ್ಟು ಬಂದಾಗ ಬೆಲ್ಲ ಕಾಯಿಸುವ ಮುದುಕನೊಬ್ಬ
ಹಲಗೆಗೆ ಎದೆಯೊತ್ತಿ ನಿಂತಿದ್ದ.
ಹಿಡ್ಕೊಳ್ಳಿ ಅಂದೆ, ಒತ್ತಿದೆ,
ಚೀಟಿ ಬರೆಯುತ್ತ ಕೂತೆ.
ಗಾಜಿನಾಚೆ ಅವನ ಕತ್ತಿನ ನರ ಉಬ್ಬಿದ್ದು ಕಂಡು
ಪೆನ್ನು ಬಿಸಾಕಿ ಕೂಗಿದೆ:
ಬಿಡಿ ಯಜಮಾನ್ರೇ, ಬಿಡಿ.